ಬಣ್ಣವಿಲ್ಲದ ವಿಮಾನ

ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ, ಗಾಜಿನ ಬೀರುವಿನ ಮೇಲಣ ಅಂತಸ್ತಿನಲ್ಲಿ, ಗೇಣುದ್ದದ ಒಂದು ವಿಮಾನದ ಮಾದರಿಯು ಇರುವುದನ್ನು ಈಚೆಗೆ ಶಾಲೆಗೆ ಬಂದುಹೋದ ಹಳೆಯ ವಿದ್ಯಾರ್ಥಿನಿಯರೆಲ್ಲರೂ ನೋಡಿರುವರು. ನೋಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿಜವಾಗಿಯೂ ಲೋಹದ್ದೇ?" ಪೋಷಕರಲ್ಲಿ ಕೆಲವರು ಕೇಳಿದ ಪ್ರಶ್ನೆಯು ಬೇರೆ: ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಹೆಣ್ಣುಮಕ್ಕಳಿಗೆ ಈ ಆಟಿಕೆಯ ಕೆಲಸವೇಕೆ? ಈ ಸಂಚಿಕೆಗಾಗಿ ಸಂಪಾದಕಿಯರು ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿರುವುದರಿಂದ, ಎರಡಕ್ಕೂ ಇಲ್ಲಿಯೇ ಉತ್ತರವನ್ನು ಬರೆಯುವುದು ಅನುಕೂಲವೆಂದು ನಮಗೆ ತೋರಿತು.

ಮೊದಲನೆಯದಕ್ಕೆ ಉತ್ತರವು ಸುಲಭ. ಒಳಗಿನದು ಪ್ಲಾಸ್ಟಿಕ್, ಮೇಲಿನ ಚರ್ಮವು ಮಾತ್ರ ಲೋಹ. ಆ ಲೋಹವು ಯಾವುದೆಂದರೆ, ನೀವು ನಿಮ್ಮ ಮಕ್ಕಳ ಬುತ್ತಿಗೆ ಚಪಾತಿಯನ್ನು ಸುತ್ತಿ ಕಳುಹಿಸುವ ಅಲ್ಯೂಮಿನಿಯಂ ಹಾಳೆಯೇ. ಎರಡನೆಯದಕ್ಕೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

2025ನೆಯ ಇಸವಿ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ನಮ್ಮ ವಾಯುಪಡೆಯು ವಿದಾಯವನ್ನು ಹೇಳಿತು. 1963ರಲ್ಲಿ ಅದೇ ಊರಿನಲ್ಲಿಯೇ ಅವು ಸೇವೆಗೆ ಸೇರಿದ್ದವು. ಅರುವತ್ತೆರಡು ವರ್ಷಗಳಲ್ಲಿ 870ಕ್ಕೂ ಹೆಚ್ಚು ವಿಮಾನಗಳು ಬಂದುವು; ಅವುಗಳಲ್ಲಿ ಬಹುಪಾಲು ನಮ್ಮ ದೇಶದಲ್ಲಿಯೇ, ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯವರಿಂದ ಕಟ್ಟಲ್ಪಟ್ಟವು. ಅದು ಯುದ್ಧಗಳಲ್ಲಿ ಹೆಸರನ್ನು ಪಡೆದ ವಿಮಾನವು. ಅಪಘಾತಗಳಲ್ಲಿ ಅನೇಕ ತರುಣ ಪೈಲಟರ ಪ್ರಾಣವನ್ನು ತೆಗೆದುಕೊಂಡ ವಿಮಾನವೂ ಅದೇ. ಪತ್ರಿಕೆಯಲ್ಲಿ ಈ ಸುದ್ದಿಯನ್ನು ಓದಿದ ಹತ್ತನೆಯ ತರಗತಿಯ ಐವರು ಬಾಲಿಕೆಯರು ನಮ್ಮ ಬಳಿಗೆ ಬಂದು, ವಿಜ್ಞಾನದ ಪ್ರದರ್ಶನಕ್ಕೆ ತಾವು ಆ ವಿಮಾನದ ಮಾದರಿಯನ್ನು ಮಾಡಬೇಕೆಂದಿರುವುದಾಗಿ ತಿಳಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಅವನಿ ಚತುರ್ವೇದಿಯವರು 2018ರ ಫೆಬ್ರವರಿ ತಿಂಗಳಿನಲ್ಲಿ ಒಬ್ಬಂಟಿಯಾಗಿ ಹಾರಿಸಿದ ಬೈಸನ್ ಎಂಬ ಸುಧಾರಿತ ಮಿಗ್. ಭಾರತದ ಮಹಿಳೆಯೊಬ್ಬರು ಯುದ್ಧವಿಮಾನವನ್ನು ಒಬ್ಬರೇ ಹಾರಿಸಿದ್ದು ಅದೇ ಮೊದಲು. ಬೂದು ಬಣ್ಣದ ಆ ವಿಮಾನದ ಚಿತ್ರವನ್ನು ಕತ್ತರಿಸಿ ಅವರು ತಂದಿದ್ದರು.

ಐವರೂ ಕಮ್ಮರಡಿಯ ಸುತ್ತಿನ ಹಳ್ಳಿಗಳವರು, ವಿದ್ಯಾರ್ಥಿನಿಲಯದಲ್ಲಿದ್ದು ಓದತಕ್ಕವರು. ನಮ್ಮ ತಂದೆಯವರ ಮನೆಯೂ ಕಮ್ಮರಡಿಯಲ್ಲಿಯೇ ಇರುವುದಷ್ಟೆ. ರಜೆಯಲ್ಲಿ ಅಲ್ಲಿಯೇ ಕೂಡಿ ಕೆಲಸವನ್ನು ಮಾಡುವುದೆಂದು ನಿಶ್ಚಯವಾಯಿತು. ತಂದೆಯವರು 1970ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯ ತಗಡಿನ ಕೆಲಸದ ವಿಭಾಗವನ್ನು ಸೇರಿ, ಮೂವತ್ತಾರು ವರ್ಷ ವಿಮಾನಗಳ ಮೈಗೆ ತಗಡನ್ನು ಹೊದಿಸಿದವರು. ಈಗ ಅವರಿಗೆ ಕಣ್ಣು ಕಾಣಿಸದು. ಗ್ಲಾಕೋಮಾ ಎಂಬ ರೋಗವು ಸದ್ದಿಲ್ಲದೆ ಬಂದು ದೃಷ್ಟಿಯನ್ನು ಅಂಚಿನಿಂದ ನಡುವಿನವರೆಗೆ ತಿಂದುಹಾಕಿತು. ಜಗುಲಿಯ ಮೇಲೆ ರೇಡಿಯೊವನ್ನು ಕೇಳುತ್ತ ಕುಳಿತುಕೊಳ್ಳುವುದನ್ನು ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಬಾಲಿಕೆಯರ ಉದ್ದೇಶವನ್ನು ಕೇಳಿ ಅವರು ಆಡಿದ ಮೊದಲ ಮಾತು: "ಬೂದು ಬಣ್ಣದ್ದು ಯಾರು ಬೇಕಾದರೂ ಮಾಡ್ತಾರೆ ಮಗಳೆ. ಬರೀ ಮೈಯದ್ದು ಮಾಡಿ ನೋಡಿ."

ವಾಚಕರಿಗೆ ಇಲ್ಲಿ ಒಂದು ವಿವರಣೆಯು ಅವಶ್ಯಕ. ಆರಂಭದ ವರ್ಷಗಳಲ್ಲಿ ನಮ್ಮ ಮಿಗ್ ವಿಮಾನಗಳಿಗೆ ಬಣ್ಣವಿರಲಿಲ್ಲ. ಲೋಹದ ಮೈಯೇ ಬಿಸಿಲಿನಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. 1971ರ ಯುದ್ಧದ ಹೊತ್ತಿಗೆ, ದೂರದಿಂದ ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಅನೇಕ ವಿಮಾನಗಳಿಗೆ ಅವಸರದಲ್ಲಿ ಬಣ್ಣವನ್ನು ಬಳಿಯಲಾಯಿತು. ಬಣ್ಣವನ್ನು ಬಿಡುವುದಕ್ಕೂ ಕಾರಣಗಳಿದ್ದುವು. ಎರಡನೆಯ ಮಹಾಯುದ್ಧದಲ್ಲಿ, 1944ರ ಆದಿಯಿಂದ, ಅಮೆರಿಕದ ಕಾರ್ಖಾನೆಗಳು ಹೊಸ ಬಾಂಬರ್ ವಿಮಾನಗಳಿಗೆ ಬಣ್ಣ ಹಾಕುವುದನ್ನು ನಿಲ್ಲಿಸಿದುವು. ಭಾರವೂ ಉಳಿಯಿತು, ದುಡಿಮೆಯ ಹೊತ್ತೂ ಉಳಿಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಕಾರ್ಖಾನೆಯು ಅಮೆರಿಕದವರ ದುರಸ್ತಿಯ ಕೇಂದ್ರವಾಗಿದ್ದಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಕಾರ್ಖಾನೆಯದು. ಮರುವರ್ಷ ಅಲ್ಲಿಂದ ಮೊದಲು ಹಾರಿದ ಹಾರ್ಲೋ ಎಂಬ ತರಬೇತಿಯ ವಿಮಾನವು ಲೋಹದ ಮೈಯದ್ದೇ ಆಗಿತ್ತು.

ಮಾದರಿಯ ಪೆಟ್ಟಿಗೆಯು ಬೆಂಗಳೂರಿನಿಂದ ಅಂಚೆಯಲ್ಲಿ ಬಂದಿತು. ಎಪ್ಪತ್ತೆರಡನೆಯ ಒಂದು ಪ್ರಮಾಣದ್ದು. ಅಂದರೆ ಆರು ಅಡಿಯ ಆಳು ಒಂದು ಅಂಗುಲವಾಗುವನು. ನಿಜವಾದ ವಿಮಾನದ ರೆಕ್ಕೆಗಳ ಹರವು 7.15 ಮೀಟರ್, ಇಲ್ಲಿ ಅದು ಹತ್ತು ಸೆಂಟಿಮೀಟರಿಗೆ ಒಂದು ಕೂದಲಷ್ಟು ಕಡಿಮೆ. ಭಾಗಗಳನ್ನು ಅಂಟಿಸಿ ಜೋಡಿಸುವುದು ಎರಡು ದಿನಗಳ ಕೆಲಸ. ಅದರ ವಿಚಾರವಾಗಿ ಹೇಳತಕ್ಕದ್ದು ಏನೂ ಇಲ್ಲ. ಕಷ್ಟವು ಅಲ್ಲಿಂದ ಮುಂದೆ.

ಬಾಲಿಕೆಯರು ಮೊದಲು ಅಂಗಡಿಯಲ್ಲಿ ಸಿಕ್ಕುವ ಬೆಳ್ಳಿಬಣ್ಣದ ಡಬ್ಬಿಯನ್ನು ತಂದು ಒಂದು ಹಳೆಯ ಪ್ಲಾಸ್ಟಿಕ್ ಚಮಚದ ಮೇಲೆ ಸಿಂಪಡಿಸಿ ನೋಡಿದರು. ಚಮಚವು ಬೆಳ್ಳಿಬಣ್ಣದ ಚಮಚವಾಯಿತೇ ಹೊರತು ಲೋಹದ ಚಮಚವಾಗಲಿಲ್ಲ. ಬಣ್ಣದಲ್ಲಿರುವುದು ಲೋಹದ ಪುಡಿ. ಒಂದೊಂದು ಕಣವೂ ಬೆಳಕನ್ನು ತನಗೆ ತೋಚಿದ ದಿಕ್ಕಿಗೆ ಚೆಲ್ಲುವುದರಿಂದ ಮೈಯೆಲ್ಲ ಒಂದೇ ಸಮನಾಗಿ ಮಂಕಾಗಿ ಕಾಣಿಸುವುದು. ನಿಜವಾದ ವಿಮಾನದ ಮೈಯು ಹಾಗಲ್ಲ. ಅದು ಹಲವು ತಗಡುಗಳ ಕೂಡಿಕೆ. ಒಂದು ತಗಡು ಬೆಳಗಿದರೆ ಪಕ್ಕದ್ದು ಕಪ್ಪಾಗುವುದು. ನೋಡುವವನು ಎರಡು ಹೆಜ್ಜೆ ಸರಿದರೆ ಕಪ್ಪಾಗಿದ್ದದ್ದು ಬೆಳಗುವುದು. ಹಳೆಯ ಛಾಯಾಚಿತ್ರಗಳಲ್ಲಿ ಬೆಳ್ಳಿಬಣ್ಣ ಬಳಿದ ವಿಮಾನವನ್ನೂ ಬರಿಯ ಲೋಹದ ವಿಮಾನವನ್ನೂ ಬೇರ್ಪಡಿಸಿ ತಿಳಿಯುವುದಕ್ಕೆ ಇದೇ ಗುರುತು.

ಹವ್ಯಾಸಿಗಳು ಇದಕ್ಕಾಗಿ ಬಳಸುವ ಉತ್ತಮವಾದ ಬಣ್ಣಗಳು ಇಲ್ಲದಿಲ್ಲ. ಆಲ್‌ಕ್ಲಾಡ್ ಎಂಬುದು ಅವುಗಳಲ್ಲಿ ಹೆಸರಾದದ್ದು. ಮೊದಲು ಕನ್ನಡಿಯಂತೆ ಹೊಳೆಯುವ ಕರಿಯ ಬಣ್ಣವನ್ನು ಹಾಕಿ, ಅದು ಚೆನ್ನಾಗಿ ಒಣಗಿದ ಮೇಲೆ, ಗಾಳಿಯ ಒತ್ತಡದ ಸಣ್ಣ ಪಿಚಕಾರಿಯಿಂದ ಮಂಜಿನಂತೆ ತೆಳ್ಳಗೆ ಈ ಬಣ್ಣವನ್ನು ಹಲವು ಸಲ ಹಾಯಿಸಬೇಕು. ಆದರೆ ಪಿಚಕಾರಿಗೂ ಅದರ ಯಂತ್ರಕ್ಕೂ ಆಗುವ ವೆಚ್ಚವು ನಮ್ಮ ವಿಜ್ಞಾನ ಸಂಘದ ಶಕ್ತಿಗೆ ಮೀರಿದ್ದು. ಅಲ್ಲದೆ ಆಗುಂಬೆಯ ಮಳೆಗೆ ನೆರೆಯವರಾದ ನಮಗೆ ಇನ್ನೊಂದು ಅಡಚಣೆಯುಂಟು: ಇಂಥ ಬಣ್ಣದ ದ್ರಾವಕವು ಬೇಗನೆ ಆರುವಾಗ ಮೇಲ್ಮೈಯು ತಣ್ಣಗಾಗಿ, ಗಾಳಿಯ ತೇವವು ಅದರ ಮೇಲೆ ಕೂತು, ಬಣ್ಣವು ಬೂಷ್ಟು ಹಿಡಿದಂತೆ ಬೆಳ್ಳಗಾಗುವುದು. ಬಟ್ಟೆಯೇ ಮೂರು ದಿನವಾದರೂ ಒಣಗದ ಊರಿನಲ್ಲಿ ಆ ದಾರಿಯನ್ನು ಹಿಡಿಯುವುದು ವಿವೇಕವಲ್ಲ.

ಹಾಳೆಯನ್ನು ಹೊದಿಸುವ ಉಪಾಯವು ಹೀಗೆ ಉಳಿಯಿತು. ಈ ವಿದ್ಯೆಯು ಮಲೆನಾಡಿಗೆ ಹೊಸದೆಂದು ಯಾರೂ ಭಾವಿಸಬಾರದು. ಯಕ್ಷಗಾನದ ವೇಷದ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ನೋಡಿರುವಿರಷ್ಟೆ? ಒಳಗೆ ಹಗುರವಾದ ಮರ, ಮೇಲೆ ಬೇಗಡೆ. ದೊಂದಿಯ ಬೆಳಕಿನಲ್ಲಿ ಅದನ್ನು ಚಿನ್ನವಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬಾರದು. ನೆರೆಯ ಹಳ್ಳಿಯಲ್ಲಿ ವೇಷದ ಒಡವೆಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರನ್ನು ಬಾಲಿಕೆಯರು ಹುಡುಕಿಕೊಂಡು ಹೋಗಿ, ಒಂದು ಮಧ್ಯಾಹ್ನವೆಲ್ಲ ಅವರ ಬಳಿ ಕುಳಿತು ಕಲಿತು ಬಂದರು. ನಡುವಿನಿಂದ ಅಂಚಿಗೆ ಒತ್ತಬೇಕು, ಅಂಚಿನಿಂದ ನಡುವಿಗೆ ಎಂದಿಗೂ ಅಲ್ಲ. ಉಬ್ಬಿರುವ ಕಡೆ ದೊಡ್ಡ ತುಂಡನ್ನು ಎಳೆದು ಕೂರಿಸಹೋಗದೆ ಸಣ್ಣ ತುಂಡುಗಳನ್ನು ಹಾಕಬೇಕು. ಕೈಯಲ್ಲಿ ಬೆವರಿದ್ದಾಗ ಮುಟ್ಟಬಾರದು. ಈ ಮೂರು ಮಾತುಗಳಿಗೆ ಅವರು ತೆಗೆದುಕೊಂಡ ಗುರುದಕ್ಷಿಣೆಯು ಒಂದು ಕವಳದ ವೀಳ್ಯ.

ಹಾಳೆಯ ಮಂಕಾದ ಬದಿಗೆ, ಮರಗೆಲಸದ ಬಿಳಿಯ ಅಂಟನ್ನು ನೀರಿನಿಂದ ತೆಳ್ಳಗೆ ಮಾಡಿ ಸವರಿ, ಜಿಗುಟಾಗುವವರೆಗೆ ಆರಲು ಬಿಟ್ಟು, ಅನಂತರ ಮಾದರಿಯ ಮೇಲೆ ಇರಿಸಬೇಕು. ಹತ್ತಿಯಿಂದ ಮೆಲ್ಲಗೆ ಒತ್ತಿ, ಬಿದಿರಿನ ನಯವಾದ ಕಡ್ಡಿಯಿಂದ ಉಜ್ಜಿದರೆ, ತಗಡಿನ ಕೂಡುಗೆರೆಗಳೂ ರಿವೆಟ್ಟಿನ ಚುಕ್ಕೆಗಳೂ ಹಾಳೆಯ ಮೇಲೆ ತಾವಾಗಿ ಮೂಡುವುವು. ಗೆರೆಯ ಗುಂಟ ಹೊಸ ಬ್ಲೇಡಿನಿಂದ ಕತ್ತರಿಸಿ ಹೆಚ್ಚಿನದನ್ನು ತೆಗೆಯಬೇಕು. ಬ್ಲೇಡು ಸ್ವಲ್ಪ ಮೊಂಡಾದರೂ ಹಾಳೆಯು ಕತ್ತರಿಸದೆ ಹರಿಯುವುದು. ಆ ರಜೆಯಲ್ಲಿ ನಮ್ಮ ಖರ್ಚಿನ ಬಹುಭಾಗವು ಬ್ಲೇಡುಗಳಿಗೇ ಹೋಯಿತು.

ಇಷ್ಟು ಮಾಡಿದರೂ ಎಲ್ಲ ತಗಡುಗಳೂ ಒಂದೇ ಬಗೆಯಾಗಿ ಹೊಳೆಯುತ್ತಿದ್ದುವು. ನಿಜವಾದ ವಿಮಾನದಲ್ಲಿ ಬೇರೆ ಬೇರೆ ಮಿಶ್ರಲೋಹಗಳಿರುವುದರಿಂದ ಛಾಯೆಗಳೂ ಬೇರೆ ಬೇರೆಯಾಗಿರುವುವು. ಇದಕ್ಕೆ ಪರಿಹಾರವು ಅಡಿಗೆಯ ಮನೆಯಲ್ಲಿ ದೊರೆಯಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರನ್ನು ಕುದಿಸುತ್ತಿದ್ದರೆ ಒಳಗೆ ಕಪ್ಪಾಗುವುದನ್ನೂ, ಹುಣಸೆಯ ಹುಳಿಯನ್ನು ಕುದಿಸಿದೊಡನೆ ಅದೇ ಪಾತ್ರೆಯು ಬೆಳ್ಳಗಾಗುವುದನ್ನೂ ಅರಿಯದ ಗೃಹಿಣಿಯು ಯಾರು? ಬಿಸಿನೀರು ಲೋಹದ ಮೇಲಣ ಆಕ್ಸೈಡಿನ ತೆಳುಪದರವನ್ನು ದಪ್ಪವಾಗಿಸುವುದು. ಹುಳಿಯು ಅದನ್ನು ಕರಗಿಸುವುದು. ಬಾಲಿಕೆಯರು ಹಾಳೆಯ ತುಂಡುಗಳನ್ನು ಮೊಟ್ಟೆಗಳೊಡನೆ ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ ಎಂದು ಬೇಯಿಸಿ ಮೂರು ಛಾಯೆಗಳನ್ನು ಪಡೆದರು. ಇನ್ನೊಂದು ತುಂಡನ್ನು ನಯವಾದ ಉಕ್ಕಿನ ನಾರಿನಿಂದ ಒಂದೇ ದಿಕ್ಕಿಗೆ ಉಜ್ಜಿದರು. ಉಜ್ಜಿದ ಹಾಳೆಯನ್ನು ಒಂದು ತಗಡಿಗೆ ಉದ್ದಕ್ಕೂ ಪಕ್ಕದ್ದಕ್ಕೆ ಅಡ್ಡಲಾಗಿಯೂ ಹಾಕಿದಾಗ, ಬಣ್ಣವು ಒಂದೇ ಆಗಿದ್ದರೂ ಬೆಳಕು ಎರಡಾಯಿತು. ಎಲ್ಲರೂ ಹೋ ಎಂದು ಕೂಗಿದರು. ಆ ವಾರ ನಾವೆಲ್ಲರೂ ತಿಂದ ಮೊಟ್ಟೆಗಳ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ.

ತಂದೆಯವರ ಪಾತ್ರವು ಇನ್ನು ಬರುವುದು. ಎಡದ ರೆಕ್ಕೆಯು ಮುಗಿದ ದಿನ ಬಾಲಿಕೆಯರು ಅದನ್ನು ಅವರ ಅಂಗೈಯ ಮೇಲೆ ಇಟ್ಟರು. ಅವರು ಹೆಬ್ಬೆರಳನ್ನು ರೆಕ್ಕೆಯ ಬುಡದಿಂದ ತುದಿಯವರೆಗೆ ಒಂದು ಸಲ ಎಳೆದು, ಮತ್ತೆ ತಿರುಗಿ ಎಳೆದು, ಬುಡದ ಹತ್ತಿರ ನಿಲ್ಲಿಸಿ, "ಇಲ್ಲೊಂದು ಏಣು ಉಂಟಲ್ಲ" ಎಂದರು. ನಮ್ಮ ಕಣ್ಣಿಗೆ ಏನೂ ಕಾಣಲಿಲ್ಲ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದಾಗ ಪ್ಲಾಸ್ಟಿಕ್ಕಿನ ಎರಡು ತುಂಡುಗಳು ಕೂಡುವಲ್ಲಿ ಒಂದು ಎಳೆಯಷ್ಟು ಎತ್ತರವು ಕಾಣಿಸಿತು. "ಅಜ್ಜಯ್ಯ, ಇದು ಯಾರಿಗೂ ಕಾಣುವುದಿಲ್ಲ" ಎಂದು ಒಬ್ಬಳು ಹೇಳಿದಳು. "ನನಗೇ ಕಂಡಿತಲ್ಲ ಮಗಳೆ" ಎಂದರು. ಮರುಮಾತಿಲ್ಲದೆ ಅವರು ರೆಕ್ಕೆಯನ್ನು ಬಿಸಿನೀರಿನಲ್ಲಿ ನೆನೆಸಿ, ಮೂರು ದಿನಗಳ ಕೆಲಸವನ್ನು ಕಿತ್ತುಹಾಕಿ, ಏಣನ್ನು ತೇದು, ಎಮರಿ ಕಾಗದವನ್ನು ನಾನೂರರಿಂದ ಎರಡು ಸಾವಿರದವರೆಗೆ ಒಂದೊಂದಾಗಿ ಹಿಡಿದು, ಕೊನೆಗೆ ಹಲ್ಲುಜ್ಜುವ ಪೇಸ್ಟಿನಿಂದ ಹೊಳಪು ಕೊಟ್ಟು, ಮೊದಲಿನಿಂದ ಹೊದಿಸಿದರು.

ಅಂದಿನಿಂದ ಒಂದೊಂದು ಭಾಗವೂ ಅವರ ಬೆರಳಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಹಾಳೆಯನ್ನು ಕಾಣುತ್ತಿತ್ತು. ಪರೀಕ್ಷಕರೂ ಬರಬರುತ್ತ ಮಾತಾಳಿಯಾದರು. ರಿವೆಟ್ ಹೊಡೆಯುವಾಗ ಹೊರಗೆ ಒಬ್ಬನು ಗನ್ನನ್ನು ಹಿಡಿದರೆ ಒಳಗೆ ಇನ್ನೊಬ್ಬನು ಕಬ್ಬಿಣದ ಗಟ್ಟಿಯನ್ನು ಒತ್ತಿಕೊಂಡು ಕೂರಬೇಕಾದದ್ದು, ಆ ಸದ್ದಿನಲ್ಲಿ ಇಬ್ಬರೂ ಬಡಿತದ ಸಂಜ್ಞೆಯಿಂದಲೇ ಮಾತಾಡುತ್ತಿದ್ದದ್ದು, ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಶಿಲ್ಪಿಯ ನೇತೃತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ವಿಮಾನದ ಕೊನೆಯ ಸರಣಿಗಳಿಗೆ ತಾವು ತಗಡನ್ನು ಕೂರಿಸಿದ್ದು, ಇವೆಲ್ಲವನ್ನೂ ಮಗಳಾದ ನಾವೇ ಅಂದು ಮೊದಲ ಬಾರಿಗೆ ಕೇಳಿದೆವು. ಛಾಯೆಗಾಗಿ ಒಬ್ಬಳು ಪೆನ್ಸಿಲಿನ ಪುಡಿಯನ್ನು ಹಾಳೆಗೆ ಸವರುತ್ತಿರುವಳೆಂದು ತಿಳಿದಾಗ ಅವರು ಗದರಿಯೇ ಬಿಟ್ಟರು. ವಿಮಾನದ ಅಲ್ಯೂಮಿನಿಯಂ ಮೇಲೆ ಸೀಸದಕಡ್ಡಿಯಿಂದ ಗೆರೆಯನ್ನೆಳೆಯುವುದು ಕಾರ್ಖಾನೆಯಲ್ಲಿ ದೊಡ್ಡ ಅಪರಾಧವಂತೆ. ಪೆನ್ಸಿಲಿನ ಗ್ರಾಫೈಟೂ ಲೋಹವೂ ತೇವವೂ ಸೇರಿದರೆ ಅಲ್ಲಿಯೇ ಒಂದು ಸಣ್ಣ ವಿದ್ಯುತ್ಕೋಶವಾಗಿ ಲೋಹವು ಸವೆದುಹೋಗುವುದು. ಮಾದರಿಯು ಹಾರತಕ್ಕದ್ದಲ್ಲವಾದರೂ ಪೆನ್ಸಿಲನ್ನು ಎತ್ತಿಡಬೇಕಾಯಿತು. ಹಿಂಭಾಗದ ಹೊಗೆಯ ಬಾಯಿಯ ಹತ್ತಿರ ಮಾತ್ರ ವಿನಾಯಿತಿಯು ದೊರೆಯಿತು. ಅಲ್ಲಿ ಉರಿಯನ್ನು ಉಂಡ ಲೋಹವಿರಬೇಕಾದ್ದರಿಂದ ಪೆನ್ಸಿಲಿನ ಪುಡಿಯ ಮೇಲೆ ಕಂದು, ನೇರಳೆ, ನೀಲಿ ಶಾಯಿಗಳನ್ನು ಬಹಳ ತೆಳ್ಳಗೆ ಹಾಯಿಸಿದರು. ಕುಲುಮೆಯಲ್ಲಿ ಉಕ್ಕನ್ನು ಕಾಯಿಸುವವರು ಈ ಬಣ್ಣಗಳ ಕ್ರಮವನ್ನು ಬಲ್ಲರು: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಯ ಹೊತ್ತಿಗೆ ನೀಲಿ. ಮೂಗಿನ ಶಂಕುವೂ ಬಾಲದ ತುದಿಯೂ ರೇಡಿಯೊ ಅಲೆಗಳನ್ನು ಹಾಯಗೊಡಬೇಕಾದ ಲೋಹವಲ್ಲದ ಭಾಗಗಳಾದ್ದರಿಂದ, ಅವಕ್ಕೆ ಹಸಿರು ಬಣ್ಣವನ್ನು ಹಾಕಿದರು.

ಹೀಗಿರಲಾಗಿ ಒಂದು ಮಧ್ಯಾಹ್ನ ಆ ಬಾಲಿಕೆಯರಲ್ಲಿ ಒಬ್ಬಳ ತಂದೆಯವರು ನಮ್ಮ ಮನೆಗೆ ಬಂದರು. ಅವರದು ಎರಡು ಎಕರೆಯ ಅಡಿಕೆಯ ತೋಟ. ಎಲೆಚುಕ್ಕೆಯ ರೋಗವು ತಗಲಿ ಫಸಲು ಅರ್ಧಕ್ಕಿಳಿದಿತ್ತು. ಹತ್ತನೆಯ ತರಗತಿಯಾದ ಮೇಲೆ ಮಗಳನ್ನು ಬಿಡಿಸುವ ಯೋಚನೆಯು ಅವರಿಗಿದ್ದುದನ್ನು ನಾವು ಮೊದಲೇ ಬಲ್ಲೆವು. "ಟೀಚರಮ್ಮನವರೇ, ಹಾಸ್ಟೆಲಿಗೆ ಫೀಸು ಕಟ್ಟಿ ಓದಿಸುವುದು ಇದಕ್ಕೇನು?" ಎಂದು, ಕೋಪಕ್ಕಿಂತ ಹೆಚ್ಚಾಗಿ ಆಯಾಸದಿಂದ, ಅವರು ಕೇಳಿದರು. ನಾವು ಉತ್ತರವನ್ನು ಕೊಡುವುದಕ್ಕೆ ಮೊದಲೇ ಮಗಳು ಅಪ್ಪನಿಗೆ ಹಾಳೆಯ ಕಥೆಯನ್ನು ಹೇಳಲು ಆರಂಭಿಸಿದ್ದಳು. ಶುದ್ಧವಾದ ಅಲ್ಯೂಮಿನಿಯಂ ಬಹಳ ಮೆತ್ತಗೆ. ಅದಕ್ಕೆ ನೂರಕ್ಕೆ ನಾಲ್ಕರಷ್ಟು ತಾಮ್ರವನ್ನು ಬೆರೆಸಿದರೆ ಡ್ಯುರಾಲ್ಯುಮಿನ್ ಎಂಬ ಗಟ್ಟಿಯಾದ ಲೋಹವಾಗುವುದು. ಆದರೆ ಬೆರೆತ ತಾಮ್ರದಿಂದಲೇ ಅದಕ್ಕೆ ತುಕ್ಕಿನ ಭಯವು ಹೆಚ್ಚು. ಆದಕಾರಣ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳುಪದರವನ್ನು ಒತ್ತಿ ಕೂರಿಸುವರು. ಆಲ್‌ಕ್ಲಾಡ್ ಎಂದು ಕರೆಯುವ ತಗಡು ಇದೇ, ಮೊದಲು ಹೇಳಿದ ಬಣ್ಣಕ್ಕೆ ಹೆಸರು ಬಂದದ್ದೂ ಇದರಿಂದಲೇ.

ಅವರು ಸುಮ್ಮನೆ ಕೇಳುತ್ತಿದ್ದು, "ಅದಕ್ಕೇ ಮತ್ತೆ. ಮೈಲುತುತ್ತವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬಾರದು ಅಂತ ನಮ್ಮಪ್ಪ ಹೇಳ್ತಿದ್ದರು. ಒಂದು ಸಲ ಕಲಸಿ ಪಾತ್ರೆ ತೂತು ಬಿತ್ತು" ಎಂದರು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವು ತಾಮ್ರದ ಲವಣವೇ ಅಲ್ಲವೆ? ತಂದೆಯವರು ಜಗುಲಿಯಿಂದಲೇ, "ಸರಿಯಾಗಿ ಹೇಳಿದಿರಿ ಗೌಡ್ರೆ, ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದು ಕರೆದರು. ಕಾಫಿಯು ಎರಡು ಸಲ ಆಯಿತು. ಹೊರಡುವ ಮುನ್ನ ಗೌಡರು ಬಲದ ರೆಕ್ಕೆಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು, ಇದರಲ್ಲಿ ತಮ್ಮ ಮಗಳು ಮಾಡಿದ ಭಾಗವು ಯಾವುದೆಂದು ಕೇಳಿದರು. ಅವಳು ತೋರಿಸಿದಳು. ಅವರು ಅದನ್ನು ಬಹಳ ಹೊತ್ತು ನೋಡಿದರು, ಏನನ್ನೂ ಹೇಳಲಿಲ್ಲ.

ಪರೀಕ್ಷೆಯು ಎದುರಿಗಿರುವಾಗ ಇದು ಏಕೆಂದು ಕೇಳಿದ ಪೋಷಕರಿಗೆ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇವೆ. ಲೋಹದ ಸವೆತ, ಆಕ್ಸೈಡು, ಬೆಳಕಿನ ಪ್ರತಿಫಲನ, ಪ್ರಮಾಣ ಇವೆಲ್ಲವೂ ಹತ್ತನೆಯ ತರಗತಿಯೊಳಗೆ ಮಕ್ಕಳು ಓದಬೇಕಾದ ಪಾಠಗಳೇ. ಅದನ್ನು ಬಿಟ್ಟರೂ, ಹೆಣ್ಣುಮಕ್ಕಳ ಕೈಗೆಲಸವೆಂದರೆ ಕಸೂತಿ ಮತ್ತು ಹೆಣಿಗೆ ಎಂದು ಬರೆದಿಟ್ಟವರು ಯಾರೋ ನಾವರಿಯೆವು. ನಾವೂ ಕಸೂತಿಯನ್ನು ಕಲಿತವರೇ, ಅದರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಆದರೆ ಎಳೆಯಷ್ಟು ಏಣನ್ನು ಬೆರಳಿನಿಂದ ಹುಡುಕಬಲ್ಲ ಕೈಗೆ ಕಾರ್ಖಾನೆಯಲ್ಲಿ ಸಂಬಳವೂ ಉಂಟು. ವೇಳೆಯ ಲೆಕ್ಕವನ್ನು ಕೇಳುವವರಿಗೆ: ಬೆಳಿಗ್ಗೆ ಎರಡು ಗಂಟೆ ಗಣಿತ, ಮಧ್ಯಾಹ್ನ ಎರಡು ಗಂಟೆ ವಿಮಾನ, ಸಂಜೆ ಇಂಗ್ಲಿಷ್. ಗಣಿತಕ್ಕೆ ತಪ್ಪಿಸಿಕೊಂಡವಳಿಗೆ ಮಧ್ಯಾಹ್ನ ಬ್ಲೇಡು ಸಿಕ್ಕುತ್ತಿರಲಿಲ್ಲ.

ಮಾದರಿಯು ಪೂರ್ಣವಾದ ದಿನ ಅದು ತೀರ ಹೊಸದಾಗಿ, ಮದುವೆಯ ಉಡುಗೊರೆಯ ಪಾತ್ರೆಯಂತೆ, ಹೊಳೆಯುತ್ತಿತ್ತು. ಮೆಕ್ಯಾನಿಕರು ದಿನವೂ ಹತ್ತಿ ಇಳಿಯುವ ರೆಕ್ಕೆಯ ಬುಡದಲ್ಲಿ, ಎಣ್ಣೆ ತುಂಬುವ ಮುಚ್ಚಳಗಳ ಸುತ್ತಿನಲ್ಲಿ ಇಷ್ಟು ಹೊಳಪು ಇರಲಾರದೆಂದು ತಂದೆಯವರು ಹೇಳಿದರು. ಗಾತ್ರವು ಚಿಕ್ಕದಾದಷ್ಟೂ ಹೊಳಪು ಕಡಿಮೆಯಾಗಬೇಕೆಂಬುದು ಬಲ್ಲವರ ಮತ; ದೂರದಿಂದ ಕಾಣುವ ವಿಮಾನವನ್ನು ನಾವು ಹತ್ತಿರದಿಂದ ಕಾಣುತ್ತಿರುವೆವಲ್ಲವೆ? ಆ ಕಡೆಗಳಲ್ಲಿ ಮೆತ್ತನೆಯ ಬಟ್ಟೆಯಿಂದ ಹೊಳಪನ್ನು ಸ್ವಲ್ಪ ತಗ್ಗಿಸಿದರು. ಅನಂತರ ತಂದೆಯವರು ಅದನ್ನು ಕೊನೆಯ ಸಲ ಕೈಯಲ್ಲಿ ಹಿಡಿದು, ಹೇಗೆ ಕಾಣುತ್ತದೆಂದು ಕೇಳಿದರು. ಐವರೂ ಒಟ್ಟಿಗೆ ಹೇಳತೊಡಗಿದರು. ಒಬ್ಬೊಬ್ಬರಾಗಿ ಹೇಳಿರೆಂದು ಅವರು ಗದರಿಸಿ, ಮೂಗಿನಿಂದ ಬಾಲದವರೆಗೆ ಒಂದೊಂದು ತಗಡಿನ ಛಾಯೆಯನ್ನೂ ಕೇಳಿ ತಿಳಿದುಕೊಂಡರು. ಅದಕ್ಕೆ ಒಂದು ಗಂಟೆಯೇ ಹಿಡಿಯಿತು.

ಗೌಡರ ಮಗಳು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಬೇಕೆಂದಿರುವಳು. ಅಡಿಕೆಯ ಕೊಯ್ಲು ಮುಗಿದ ಮೇಲೆ ಗೌಡರು ಶಾಲೆಗೆ ಬಂದು, ಪ್ರವೇಶದ ಅರ್ಜಿಯನ್ನು ಯಾವಾಗ ಹಾಕಬೇಕೆಂದು ನಮ್ಮನ್ನು ಕೇಳಿದರು. ವಿದ್ಯಾರ್ಥಿನಿಲಯದ ವೆಚ್ಚದ ಅರ್ಧವು ತಮ್ಮಿಂದಾಗುವುದೆಂದೂ ಉಳಿದರ್ಧಕ್ಕೆ ದಾರಿ ಕಾಣದೆಂದೂ ತಿಳಿಸಿದರು. ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ನಾವು ಮಂಡಿಸತಕ್ಕವರಾಗಿದ್ದೇವೆ.

ಬೀರುವಿನ ಬೀಗದ ಕೈಯು ವಿಜ್ಞಾನದ ಉಪಾಧ್ಯಾಯಿನಿಯವರಲ್ಲಿರುವುದು. ಮಳೆಗಾಲದಲ್ಲಿ ತೇವವನ್ನು ಹೀರುವ ಪುಡಿಯ ಪೊಟ್ಟಣಗಳನ್ನು ಒಳಗಿಟ್ಟು, ಹದಿನೈದು ದಿನಗಳಿಗೊಮ್ಮೆ ಬಿಸಿ ಮಾಡಿ ಮರಳಿ ಇಡುವ ಏರ್ಪಾಡಾಗಿದೆ. ವಾರ್ಷಿಕೋತ್ಸವದ ದಿನ ಮಾದರಿಯನ್ನು ಹೊರಗೆ ಮೇಜಿನ ಮೇಲೆ ಇರಿಸಲಾಗುವುದು. ನೋಡತಕ್ಕವರು ಬರಿಗೈಯಿಂದ ಅದನ್ನು ಮುಟ್ಟದಿರಬೇಕೆಂದು ಪ್ರಾರ್ಥಿಸುತ್ತೇವೆ. ಬೆವರಿನ ಉಪ್ಪು ಹಾಳೆಯ ಮೇಲೆ ಬೆರಳಿನ ಗುರುತನ್ನು ಬಿಡುವುದು. ಎಡದ ರೆಕ್ಕೆಯ ಬುಡದಲ್ಲಿ ಅಂಥ ಒಂದು ಹೆಬ್ಬೆರಳಿನ ಗುರುತು ಈಗಾಗಲೇ ಇದೆ. ಅದನ್ನು ಒರಸಕೂಡದೆಂದು ಬಾಲಿಕೆಯರು ಬೀರುವಿನ ಒಳಗೆ ಚೀಟಿಯನ್ನು ಬರೆದು ಅಂಟಿಸಿದ್ದಾರೆ.